ಹರಟೆಗೆ ಅರ್ಜಿ ಹಾಕುವುದಿಲ್ಲ

ಶಾಲೆಯ ಮೇಲ್ಮಹಡಿಯಿಂದ,
ಮಾರ್ಚ್ ೧೩, ಶನಿವಾರ

ಪ್ರೀತಿಯ ಅಣ್ಣಾ,

ಬೆನ್ನುನೋವು ಹೇಗಿದೆ? ಕುರ್ಚಿ ಬದಲಾಯಿಸಿದೆಯೋ, ಇಲ್ಲ ಅದೇ ಮುರುಕಲು ಕುರ್ಚಿಯಲ್ಲಿ ಕುಳಿತು ಕಂಪನಿಯ ಕಾಗದಗಳನ್ನು ತಿದ್ದುತ್ತಿದ್ದೀಯೋ? ಅತ್ತಿಗೆಯ ಕೆಮ್ಮು ಇಳಿಯಿತೆಂದು ಅಮ್ಮ ಹೇಳಿದಳು. ಅಮ್ಮ ಚೆನ್ನಾಗಿದ್ದಾಳೆ, ಪಕ್ಕದ ಮನೆಯವರ ಜೊತೆ ಜಗಳ ಕಾಯುವಷ್ಟು ಚೆನ್ನಾಗಿದ್ದಾಳೆ. ನಾನೂ ಗಟ್ಟಿಯಾಗಿದ್ದೇನೆ. ಎಷ್ಟು ಗಟ್ಟಿ ಎಂಬುದು ನಿನ್ನ ಇಂಟರ್ನೆಟ್ ಕಂಪನಿಯವರಿಗೆ ಈಗ ಗೊತ್ತಾಗಿದೆ. ಅವರು ಹೇಳಿದ ಕಥೆ ನಿನ್ನ ಕಿವಿಗೆ ಬಿದ್ದಿರುತ್ತದೆ. ಕಿವಿಯಿಲ್ಲದವಳ ಕಥೆಯನ್ನೂ ಸ್ವಲ್ಪ ಕೇಳು.

ವೇಗದ ದಾರಿಯ ವಿಷಯ ನಿನಗೆ ಹೊಸದಲ್ಲ, ಅದರ ಕರಾರುಗಳನ್ನು ಬರೆಯುವವನೇ ನೀನು. ಆದರೆ ನೀನು ಬರೆದದ್ದು ನಮ್ಮ ಊರಿನಲ್ಲಿ ಹೇಗೆ ನಡೆಯುತ್ತಿದೆ ಎಂದು ನೋಡಿಲ್ಲ. ಚಳಿಗಾಲದಲ್ಲಿ ಇಲ್ಲಿ ಪ್ರಯೋಗ ಶುರುವಾಯಿತು. ಕಂಪನಿಗೆ ಹಣ ಕಟ್ಟಿದ ಸಿನಿಮಾದವರು, ಪಂದ್ಯ ತೋರಿಸುವವರು ಇಂಟರ್ನೆಟ್ಟಿನಲ್ಲಿ ಮುಂದೆ ಓಡುತ್ತಾರೆ. ನಮ್ಮಂಥವರು ಉಳಿದ ಸಂದಿಯಲ್ಲಿ ತೂರಿಕೊಂಡು ಹೋಗಬೇಕು. ಸಾಯಂಕಾಲ ಎಲ್ಲರೂ ಮನೆ ಸೇರಿದರೆ ಸಾಕು, ಕಿವುಡ ಮಕ್ಕಳಿಗೆ ನಾನು ವಿಡಿಯೋದಲ್ಲಿ ನಡೆಸುವ ಕೈಮಾತಿನ ತರಗತಿಯ ಪರದೆ ಕಲ್ಲಾಗುತ್ತದೆ. ಕೇಳಿಸುವವರಿಗೆ ಚಿತ್ರ ನಿಂತರೂ ಧ್ವನಿಯಾದರೂ ಬರುತ್ತದೆ. ನಮಗೆ ಚಿತ್ರವೇ ಧ್ವನಿ. ಮೇಲೆತ್ತಿದ ಕೈ ಅಲ್ಲೇ ನಿಂತು, ಆಮೇಲೆ ಇನ್ನೆಲ್ಲೋ ಕಾಣಿಸಿಕೊಂಡರೆ, ನಡುವಿನ ಮಾತು ಯಾರ ಹೊಟ್ಟೆ ಸೇರಿತು?

ನನ್ನ ತರಗತಿಯಲ್ಲಿ ದರ್ಜಿ ಕೆಲಸದವಳೊಬ್ಬಳ ಮಗಳಿದ್ದಾಳೆ. ಪುಟ್ಟ ಹುಡುಗಿ, ನಮ್ಮ ಊರಿನಿಂದ ಬಹಳ ದೂರ. ಅವಳ ಕಡೆ ಕೈಮಾತು ಬಲ್ಲವರು ಯಾರೂ ಇಲ್ಲ. ತಾಯಿಯೂ ಮಗಳ ಪಕ್ಕ ಕುಳಿತು ನನ್ನಿಂದಲೇ ಕಲಿಯುತ್ತಿದ್ದಾಳೆ. ತಿಂಗಳುಗಟ್ಟಲೆ 'ಹಾಲು', 'ಬೆಕ್ಕು', 'ಬೇಡ' ಎಂದಷ್ಟೇ ಹೇಳುತ್ತಿದ್ದ ಹುಡುಗಿ ಒಂದು ದಿನ ತಾನಾಗಿಯೇ ಕಥೆ ಹೇಳಲು ಹೊರಟಳು. ಬೆಕ್ಕು ಅಮ್ಮನ ಹೊಲಿಗೆ ಯಂತ್ರದ ಮೇಲೆ ಹತ್ತಿತು, ಆಮೇಲೆ... ಅಷ್ಟರಲ್ಲಿ ಪರದೆ ನಿಂತಿತು. ಚಿತ್ರ ಮರಳಿದಾಗ ಅವಳು ಕೊನೆಯ ಸನ್ನೆ ಮುಗಿಸಿ, ನಾನು ನಗುತ್ತೇನೆಂದು ಕಾಯುತ್ತಿದ್ದಳು. ಇನ್ನೊಮ್ಮೆ ಹೇಳು ಪುಟ್ಟಿ ಎಂದೆ. ಹೇಳಿದಳು, ಮತ್ತೆ ನಿಂತಿತು. ಮೂರನೆಯ ಸಲ ಕೇಳಿದಾಗ ಮುಖ ತಿರುಗಿಸಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತುಬಿಟ್ಟಳು. ನಮ್ಮಲ್ಲಿ ಅದು ಬಾಯಿ ಮುಚ್ಚಿಕೊಂಡ ಹಾಗೆ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಟೀಚರಿಗೆ ನನ್ನ ಮಾತು ಬೇಕಾಗಿಲ್ಲ ಎಂದುಕೊಂಡಿತು ಆ ಮಗು. ನನಗೆ ಮೈಯೆಲ್ಲ ಉರಿದುಹೋಯಿತು ಅಣ್ಣಾ.

ಅಂದೇ ಕುಳಿತು ಕಂಪನಿಗೆ ದೂರು ಬರೆದೆ. ಈ ಪ್ರಯೋಗ ಮುಂದುವರಿಯಬೇಕೇ ಎಂದು ತೀರ್ಮಾನಿಸುವ ವಿಚಾರಣಾ ಸಮಿತಿಗೂ ಒಂದು ಪ್ರತಿ ಕಳಿಸಿದೆ. ವಾರ ಕಳೆಯುವುದರೊಳಗೆ ನಿಮ್ಮ ಕಂಪನಿಯ ಅಧಿಕಾರಿಯೊಬ್ಬ ಶಾಲೆಗೇ ಬಂದ. ಇಸ್ತ್ರಿ ಮುರಿಯದ ಅಂಗಿ, ಇಸ್ತ್ರಿ ಮುರಿಯದ ನಗು. ನನ್ನ ಎದುರಿಗೇ ಕುಳಿತು, ನನ್ನನ್ನು ನೋಡದೆ, ನನ್ನ ಕೈಮಾತನ್ನು ಬಾಯಲ್ಲಿ ಹೇಳುವ ದುಭಾಷಿಗೆ "ಅವರಿಗೆ ಹೇಳಿ" ಎನ್ನುತ್ತಿದ್ದ. ನಮ್ಮ ತರಗತಿಗೆ ವೇಗದ ದಾರಿ ಪುಕ್ಕಟೆಯಂತೆ. ಬದಲಿಗೆ ನಾನೂ ಮಕ್ಕಳೂ ನಗುತ್ತಿರುವ ಒಂದು ಫೋಟೋ, ಊರೆಲ್ಲ ಅಂಟಿಸುವುದಕ್ಕೆ. ಮುಖ್ಯೋಪಾಧ್ಯಾಯಿನಿ ಕರಗಿಹೋದರು. "ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ಬಾರ್ದಮ್ಮ, ಒಪ್ಕೊಂಡ್ಬಿಡು" ಎಂದರು. ನಾನು ಹೇಳಿದೆ: ಹಸು ನಮ್ಮದೇ ಮೇಡಂ, ಕಟ್ಟಿಹಾಕಿರುವುದು ಅವರು. ಇದನ್ನು ಬಾಯಲ್ಲಿ ಹೇಳುವಾಗ ದುಭಾಷಿಗೆ ನಗು ತಡೆಯಲಾಗಲಿಲ್ಲ. ಮುಖ್ಯೋಪಾಧ್ಯಾಯಿನಿಗೆ ಮಾತ್ರ ನಗು ಬರಲಿಲ್ಲ. ಅಂದಿನಿಂದ ನನ್ನನ್ನು ಕಂಡರೆ ಗಡಿಯಾರ ನೋಡಿಕೊಳ್ಳುತ್ತಾರೆ.

ಸಮಿತಿ ನನ್ನನ್ನು ಕರೆಸಿದ್ದು ಮೊನ್ನೆ ಗುರುವಾರ. ಎತ್ತರದ ಚಾವಣಿಯ ಸಭಾಂಗಣ, ಎಲ್ಲರ ಮುಂದೆಯೂ ಒಂದೊಂದು ಮೈಕು, ನನ್ನ ಮುಂದೆಯೂ! ದುಭಾಷಿಗೆ ಮೊದಲೇ ಹೇಳಿಕೊಟ್ಟಿದ್ದೆ, ನನ್ನ ಮಾತಿನಲ್ಲಿ ಮಧ್ಯೆ ಮಧ್ಯೆ ಬಾಯಿ ಮುಚ್ಚಿಕೋ, ಅಲ್ಲಲ್ಲಿ ಒಂದೊಂದು ಪದ ಮಾತ್ರ ಬಿಡು ಎಂದು. ನಾನು ನಿರರ್ಗಳವಾಗಿ ಕೈಯಾಡಿಸಿದೆ, ಅವಳು "ಮಕ್ಕಳು... ಕಂಪನಿ... ಬೆಕ್ಕು" ಎಂದಳು. ಸದಸ್ಯರು ಮುಖ ಮುಖ ನೋಡಿಕೊಂಡರು. ಒಬ್ಬರು ಮೈಕು ತಟ್ಟಿ ನೋಡಿದರು. ಅಧ್ಯಕ್ಷೆ ಸಿಡುಕಿನಿಂದ, "ಏನಮ್ಮಾ ಇದು, ಒಂದೂ ಅರ್ಥ ಆಗ್ತಿಲ್ವಲ್ಲ" ಎಂದರು. ಆಗ ದುಭಾಷಿಯಿಂದ ಪೂರ್ತಿ ಮಾತು ಹೇಳಿಸಿದೆ: ಇದೇ ನಮ್ಮ ಸಾಯಂಕಾಲದ ತರಗತಿ, ಬೇಸರವಾಯಿತೇ?

ಅಧಿಕಾರಿ ಎದ್ದು ನಿಂತ. ಕೇಬಲ್ ಎಳೆಯಲು ಖರ್ಚಾಗುತ್ತದೆ, ಆಂಬುಲೆನ್ಸಿಗೆ ಎಲ್ಲರೂ ದಾರಿ ಬಿಡುವುದಿಲ್ಲವೇ, ಈಕೆಗೆ ಪುಕ್ಕಟೆ ಕೊಡುತ್ತೇವೆಂದರೂ ಬೇಡವೆಂದಳು ಎಂದ. ಆ ಆಂಬುಲೆನ್ಸಿನ ಮಾತು ನಿನ್ನದೇ, ಹೋದ ಸಲ ಬಂದಾಗ ನೀನು ಅಮ್ಮನಿಗೂ ಹೇಳಿದ್ದೆ. ಅಲ್ಲಿ ಅವನಿಗೆ ಕೊಟ್ಟ ಉತ್ತರವೇ ನಿನಗೂ. ಆಂಬುಲೆನ್ಸಿಗೆ ದಾರಿ ಬಿಡುವುದು ಒಳಗೆ ಮಲಗಿದ ರೋಗಿಯನ್ನು ನೋಡಿ. ನಿಮ್ಮ ದಾರಿ ತೆರೆಯುವುದು ಥೈಲಿ ನೋಡಿ. ಖರ್ಚಾಗುತ್ತದೆ, ನಿಜ, ಅದಕ್ಕೇ ನಾವೆಲ್ಲ ತಿಂಗಳಿಗೆ ಬಿಲ್ಲು ಕಟ್ಟುತ್ತೇವೆ. ನೀರು ಎಷ್ಟು ಬಳಸಿದಿರಿ ಎಂದು ಕೇಳಿ, ಮುಖ ತೊಳೆದಿರೋ ಪಾತ್ರೆ ತೊಳೆದಿರೋ ಎಂದು ಕೇಳಬೇಡಿ.

"ಹಾಗಿದ್ರೂ ಪುಕ್ಕಟೆ ಕೊಟ್ಟಿದ್ದನ್ನ ಯಾಕೆ ಬೇಡ ಅಂದ್ರಿ?" ಎಂದರು ಅಧ್ಯಕ್ಷೆ. ಈ ಸಲ ಅವರು ದುಭಾಷಿಯನ್ನಲ್ಲ, ನನ್ನನ್ನೇ ನೋಡಿ ಕೇಳಿದರು. ನಾನು ಹೇಳಿದೆ: ಪಾಠಕ್ಕೆ ದಾರಿ ಕೊಟ್ಟರು, ಸರಿ. ಪಾಠ ಮುಗಿದ ಮೇಲೆ ಆ ಹುಡುಗಿ ಇದೇ ಪರದೆಯಲ್ಲಿ ಅಜ್ಜಿಗೂ ಕೈಮಾತು ಕಲಿಸಿ ಮಾತಾಡಬೇಕು. ನಾಳೆ ಗೆಳತಿಗೆ ಚಾಡಿ ಹೇಳಬೇಕು, ಮುಂದೊಂದು ದಿನ ಯಾರನ್ನೋ ಪ್ರೀತಿಸಿ ಜಗಳವಾಡಬೇಕು. ಅದಕ್ಕೆಲ್ಲ ಯಾವ ದಾರಿ? ಹರಟೆ ಹೊಡೆಯಲು ನಾವು ನಿಮ್ಮಲ್ಲಿ ಅರ್ಜಿ ಹಾಕಬೇಕೇ? ನಾನು ಹಾಕುವುದಿಲ್ಲ. ನನ್ನ ಮಕ್ಕಳಿಂದಲೂ ಹಾಕಿಸುವುದಿಲ್ಲ.

ಗೆದ್ದೆ ಎಂದು ತಿಳಿಯಬೇಡ. ಪ್ರಯೋಗ ನಿಂತಿಲ್ಲ, ಪರದೆಯೂ ನಿಲ್ಲುವುದನ್ನು ಬಿಟ್ಟಿಲ್ಲ. ಮುಂದಿನ ತಿಂಗಳು ಇನ್ನೊಂದು ವಿಚಾರಣೆ ಇದೆ, ಆಮೇಲೆ ತೀರ್ಮಾನವಂತೆ. ಈ ವಾರ ಮುಖ್ಯೋಪಾಧ್ಯಾಯಿನಿ, "ಇನ್ನೊಂದ್ಸಲ ಅಲ್ಲಿಗೆ ಹೋದ್ರೆ ಮಹಡಿ ಕೋಣೆ ಖಾಲಿ ಮಾಡ್ಬೇಕಾಗುತ್ತೆ" ಎಂದರು. ಮಾಡುತ್ತೇನೆ ಎಂದೆ. ಪರದೆಯಲ್ಲಿ ಕೈಗಳು ಎದ್ದು ಕಾಣಲೆಂದು ಗೋಡೆಗೆ ಹೊಡೆದಿದ್ದ ನೀಲಿ ಬಟ್ಟೆಯನ್ನು ಈಗಲೇ ಬಿಚ್ಚಿ ಮಡಿಸಿಟ್ಟಿದ್ದೇನೆ. ಅಮ್ಮನ ಅಡುಗೆಮನೆಯಲ್ಲಿ ಬೆಳಕು ಚೆನ್ನಾಗಿದೆ, ಪಾಠ ಅಲ್ಲೇ ನಡೆಯುತ್ತದೆ. ಅಮ್ಮನಿಗೆ ಹಿಂದಿನಿಂದ ಇಣುಕುವ ಚಟ, ಮಕ್ಕಳಿಗೆ ಅದೂ ಒಂದು ಪಾಠ.

ಅತ್ತಿಗೆಗೆ ನನ್ನ ನೆನಪು ಹೇಳು. ಪುಟ್ಟನ ಎರಡೂ ಕೆನ್ನೆಗೆ ಅತ್ತೆಯ ಮುತ್ತು. ಬೆನ್ನನ್ನು ನೋಡಿಕೋ, ನಿನ್ನ ಮೇಲಿನ ಸಿಟ್ಟು ಬೇರೆ, ಬೆನ್ನು ಬೇರೆ.

ಚಿಕ್ಕಂದಿನಿಂದ ಕೈ ಸುಮ್ಮನಿರದ,
ನಿನ್ನ ವಟವಟ ಗಿಳಿ

ತಾ.ಕ.: ಅಂಚೆ ಡಬ್ಬ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮುಂದಿನ ವಿಚಾರಣೆಗೆ ಕಂಪನಿ ನಿನ್ನನ್ನೇ ಕಳಿಸುತ್ತಿದೆಯಂತೆ. ತಂಗಿ ಎದುರಿಗಿದ್ದಾಳೆ, ಬೇರೆಯವರನ್ನು ಕಳಿಸಿ ಎಂದು ನೀನು ಬೇಡಿಕೊಂಡಿದ್ದೀಯಂತೆ. ಅತ್ತಿಗೆ ಅಮ್ಮನಿಗೆ ಹೇಳಿದಳು. ಹಾಗೆ ಮಾಡಬೇಡ, ನೀನೇ ಬಾ. ಅವರ ಕಡೆಯಲ್ಲಿ ದುಭಾಷಿಯಿಲ್ಲದೆ ನನ್ನ ಮಾತು ತಿಳಿಯುವವನು ನೀನೊಬ್ಬನೇ. ನಾನು ಹೇಳಿದ್ದಕ್ಕೆ ಉತ್ತರವಿದ್ದರೆ ಎದ್ದು ನಿಂತು, ನನ್ನ ಮುಖ ನೋಡಿ, ಕೈಯಲ್ಲೇ ಹೇಳು. ಇಲ್ಲದಿದ್ದರೆ ಆ ಹುಡುಗಿ ಕುಳಿತ ಹಾಗೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತುಕೋ. ಸಮಿತಿಗೆ ನಾನು ಅರ್ಥ ಹೇಳುತ್ತೇನೆ.