ಮಂತ್ರಿ ಮನೆಯ ಬೆಕ್ಕಿಗೆ ಹಾಕಿದ ಕೆನೆ

ಸೊಸೆ ಜಗದೇವಿಗೆ, ಹೈದರಾಬಾದಿನಿಂದ ಅತ್ತೆಯ ಆಶೀರ್ವಾದ.

ಚಳವಳಿಗೆ ಬಸ್ಸು ಬಂದ್ ಆಗಿ ಮಗಳ ಮನೆಯಲ್ಲೇ ಸಿಕ್ಕಿಕೊಂಡಿದ್ದೇನೆ. ಅಳಿಯ ಮಾಲಿಯಾಗಿರುವ ಮಂತ್ರಿ ಬಂಗಲೆಯ ಹಿತ್ತಲಲ್ಲೇ ಇವರ ಮನೆ. ಬಂಗಲೆಯಲ್ಲಿ ಒಂದು ಬಿಳಿ ಬೆಕ್ಕಿದೆ. ಅದು ಮಂತ್ರಿಯ ಕುರ್ಚಿಯಲ್ಲೇ ಮಲಗುತ್ತದೆಂದು ಪೇಪರಿನಲ್ಲಿ ಬಂದ ಮೇಲೆ ದಿನಾ ಕ್ಯಾಮೆರಾದವರ ಸಂತೆ. ಮಂತ್ರಿಗೂ ಅಷ್ಟು ಮಂದಿ ಬರುವುದಿಲ್ಲ. ಮೊನ್ನೆ ಹಿತ್ತಲಲ್ಲಿ ಅದಕ್ಕೆ ಕೆನೆ ಹಾಕುತ್ತಿದ್ದೆ. ಮೈಕಿನ ಹುಡುಗಿ ಬಂದು ಯಾವ ಊರೆಂದು ಕೇಳಿದಳು. ಊರು ಕೇಳಿದರೆ ಮನೆತನವನ್ನೂ ಹೇಳುವುದು ನಮ್ಮ ರೂಢಿಯಲ್ಲವೇ? "ನಾರಾಯಣಖೇಡದ ಬಿರಾದಾರ ಮನಿಯಾಕಿರಿ. ಬೆಕ್ಕು ಭಾಳ ಶಾಣ್ಯಾ ಅದ" ಎಂದು ಹಲ್ಲು ಕಿಸಿದೆ.

ಸಂಜೆ ಟಿವಿಯಲ್ಲಿ ಮೊದಲು ನಾನು. ಆಮೇಲೆ ನಮ್ಮೂರ ಬಸ್‌ಸ್ಟ್ಯಾಂಡಿನ ಟೆಂಟು, ಪ್ರತ್ಯೇಕ ತೆಲಂಗಾಣಕ್ಕಾಗಿ ಸರದಿ ಉಪವಾಸ ಕೂತವರ ಸಾಲಿನಲ್ಲಿ ತುಟಿ ಒಣಗಿದ ನೀನು. ನಿನ್ನನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದು ಮತ್ತೆ ಬೆಕ್ಕನ್ನೇ ತೋರಿಸಿದರು.

"ಅವ್ವಾ, ನೀ ಎಷ್ಟ್ ಛಂದ ಕಂಡಿ" ಎಂದಳು ಮಗಳು.

"ಬಾಯಿ ಮುಚ್ಚ. ಸೊಸಿ ಉಪಾಸ ಕುಂತಾಗ ಬೆಕ್ಕಿಗಿ ಕೆನಿ ಉಣಿಸ್ದಾಕಿ ನಾ" ಎಂದೆ. ಆವತ್ತು ನನಗೆ ಅನ್ನ ಇಳಿಯಲಿಲ್ಲ.

ಮೊಣಕಾಲು ನೋವು ಕಡಿಮೆಯಾಗಿದೆ. ಬಸ್ಸು ಬಿಟ್ಟ ದಿನವೇ ಬರುತ್ತೇನೆ. ಟೆಂಟಿನ ಮುಂದೆಯೇ ಇಳಿಯಬೇಕು, ನಗುವವರು ನಗಲಿ. ಮಾರನೇ ದಿನ ನಿನ್ನ ಜಾಗದಲ್ಲಿ ನಾನು ಉಪವಾಸ ಕೂರುತ್ತೇನೆ, ನೀನು ಮನೆಯಲ್ಲಿ ಹೊಟ್ಟೆ ತುಂಬ ಉಣ್ಣು. ತುಪ್ಪಕ್ಕೆಂದು ನಾನು ನೆಲುವಿನ ಮೇಲೆ ಎತ್ತಿಡುವ ಕೆನೆಯನ್ನೂ ತಿನ್ನು, ಕೇಳುವುದಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಸುಮಿತ್ರಾಬಾಯಿ