ಎದುರುಮನೆಗೆ, ಐದು ವರ್ಷ ತಡವಾಗಿ

ಸೌಮ್ಯಾ,

ಗುರೆಳ್ಳು ಹುರಿಯುವ ವಾಸನೆಗೆ ರಾಣೆಬೆನ್ನೂರಿನ ನಮ್ಮವ್ವನ ಒಲೆ ನೆನಪಾಯಿತು. ಯಾರ ಮನೆಯಲ್ಲಿ ಸಾವಾದರೂ ಅವ್ವ ಮೊದಲು ರೊಟ್ಟಿ ಬುತ್ತಿ ಒಯ್ಯುತ್ತಿದ್ದಳು.

ಪುಟ್ಟಿಗೆ ಇಂದು ಐದು ವರ್ಷ ತುಂಬಿತು. ಅವಳು ಹುಟ್ಟಿದ ದಿನವೇ ಎದುರುಮನೆಯ ಲಕ್ಷ್ಮಿದೇವಮ್ಮನ ಗಂಡ ಹನುಮಂತಯ್ಯನವರು ಕೊರೊನಾದಲ್ಲಿ ತೀರಿಕೊಂಡರು. ನೀನು ಆಸ್ಪತ್ರೆಯಿಂದಲೇ ಫೋನ್ ಮಾಡಿ, “ಅತ್ತೆ, ಲಕ್ಷ್ಮಿದೇವಮ್ಮ ಆಂಟೀನ ಗೇಟಿಂದಾದ್ರೂ ಮಾತಾಡಿಸಿ” ಅಂದೆ. “ಮಗು ಬರೋ ಮನೆ ಕಣೇ, ಸಾವಿನ ಸೂತಕ ಬೇಡ” ಅಂದುಬಿಟ್ಟೆ, ಹೋಗಲಿಲ್ಲ. ಸೂತಕ ಒಪ್ಪದವರು ನಾವು!

ನೀವು ಏಳುವ ಮೊದಲೇ ಹಾಲು ಕಾಯಿಸಿದ್ದೇನೆ. ಕೇಕು ಸಂಜೆಗಿರಲಿ. ಜೋಳದ ರೊಟ್ಟಿ, ಗುರೆಳ್ಳು ಪುಡಿ ಕಟ್ಟಿಕೊಂಡು ಅವರ ಮನೆಗೆ ಹೊರಟಿದ್ದೇನೆ. ತಪ್ಪಾಯಿತು ಎನ್ನಬೇಕು. ಇಷ್ಟು ದಿನ ಬಾಯಿ ಬರಲಿಲ್ಲ.

ನೀನು ಮಗುವಿನೊಂದಿಗೆ ಮನೆಗೆ ಬಂದ ದಿನ ನೆನಪಿದೆಯಾ? ಆ ಸಂಕಟದಲ್ಲೂ ಲಕ್ಷ್ಮಿದೇವಮ್ಮ ಬಾಣಂತಿಗೆಂದು ಬಿಸಿ ಅನ್ನ, ಮೆಣಸಿನ ಸಾರು ತಂದು, ಗೇಟಿನ ಮೇಲಿಂದ ನನ್ನ ಕೈಗಿಟ್ಟು ಹಿಂದಿರುಗಿದರು.