ಮರವಿಲ್ಲದ ತಿರುವು

ಫೆಬ್ರವರಿ 4, ಬೆಳಿಗ್ಗೆ

ಸಿದ್ದಪ್ಪ, ಕಣ್ಣಿನ ಪಟ್ಟಿ ಬಿಚ್ಚಿದರಾ? ನಿನ್ನ ಮಗಳು ನಯನಳ ಕೆಮ್ಮು ಇಳಿಯಿತಾ? ಅಳಿಯ ತೀರ್ಥೇಶನ ಬೆನ್ನು? ಮೊಮ್ಮಗಳು ಬೃಂದಾಳ ಬಿದ್ದ ಹಲ್ಲು ಬಂತಾ? ನಿನ್ನ ಅಕ್ಕ ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ತೋಟಕ್ಕೆ ನೀರು ಬಿಡುತ್ತಿದ್ದೇನೆ, ಚಿಂತೆ ಬೇಡ. ನೀನು ಕಡೂರಿನಲ್ಲಿ ಮಗಳ ಮನೆಯಲ್ಲಿ ಸುಮ್ಮನೆ ಮಲಗು.

ನಿನ್ನೆ ಅಜ್ಜಂಪುರದಲ್ಲಿ ಸಭೆ. ರಸ್ತೆ, ಬಸ್ಸು, ರೈಲು, ಯಾವ ಜಮೀನು ಯಾವುದಕ್ಕೆ — ಎಲ್ಲದಕ್ಕೂ ಹೊಸ ಪ್ಲಾನ್ ಅಂತೆ, ಜನರನ್ನೇ ಕೇಳಿ ಮಾಡುತ್ತಾರಂತೆ. ಗೋಡೆ ತುಂಬ ಮ್ಯಾಪ್. ಎಲ್ಲ ಇದೆ, ನಾವು ಹೆಂಗಸರು ದಿನಾ ನಡೆಯುವ ದಾರಿ ಮಾತ್ರ ಇಲ್ಲ. ಶ್ರೀಜಾ ಅಂತ ಪ್ಲಾನಿನ ಹುಡುಗಿ ಸ್ಕೆಚ್ ಪೆನ್ ಕೊಟ್ಟಳು. "ಅಜ್ಜಿ, ನೀವು ನಡೆಯೋ ದಾರಿ ನೀವೇ ಎಳೀರಿ."

ಪಕ್ಕದಲ್ಲಿದ್ದ ನಮ್ಮ ಕೇರಿಯ ದುರ್ಗಮ್ಮ ತಿವಿದಳು. "ಎಳಿಯಕ್ಕ! ಬಸ್ಸಿನ್ ಬೋರ್ಡ್ ನೋಡಿ ಅಕ್ಸರ ಕಲ್ತೋಳು ನಮ್ಮಲ್ಲಿ ನೀನೊಬ್ಳೇಯ."

ಎಳೆದೆ. ಕೆಂಪು ಬಣ್ಣ. ನಮ್ಮ ಕೇರಿಯಿಂದ ನಿನ್ನ ತೆಂಗಿನ ತೋಟದೊಳಗೆ ಹಾದು ಶಿವನಿ ಸ್ಟೇಷನ್‌ವರೆಗೆ. ಬಾವಿ ಹತ್ತಿರದ ಹುಣಸೆಮರದ ತಿರುವನ್ನೂ ಬಿಡಲಿಲ್ಲ. ಮರ ಬಿದ್ದು ಎಂಟು ವರ್ಷ ಆಯಿತು. ಕಾಲು ಮಾತ್ರ ಇನ್ನೂ ಸುತ್ತಿಕೊಂಡೇ ಹೋಗುತ್ತದೆ. ಎಲ್ಲರೂ ಚಪ್ಪಾಳೆ ಹೊಡೆದರು.

ಫೆಬ್ರವರಿ 5

ನಿನ್ನೆ ಈ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಕಾಗದಕ್ಕೆ ಇಳಿಸಿ ಅಂಚೆಗೆ ಹಾಕಿದೆ. ಮ್ಯಾಪಿನ ವಿಷಯ ಬಿಟ್ಟೆ. ಎದುರಿಗೆ ಸಿಕ್ಕಾಗ ಜಂಬ ಕೊಚ್ಚಿಕೊಳ್ಳಬೇಕು.

ಏಪ್ರಿಲ್ 9

ಪಂಚಾಯ್ತಿ ಗೋಡೆಗೆ ಹೊಸ ಮ್ಯಾಪ್ ಅಂಟಿಸಿದ್ದಾರೆ. ಕರಡು ಅಂತೆ. ನನ್ನ ಗೆರೆ ಈಗ ಎರಡು ಗೆರೆ. ನಡುವೆ ಹಳದಿ. "18 ಮೀ. ರಸ್ತೆ — ಸಾರ್ವಜನಿಕರು ಈಗಾಗಲೇ ಬಳಸುತ್ತಿರುವ ದಾರಿ."

ಎರಡೆರಡು ಸಲ ಓದಿದೆ. ಹುಣಸೆಮರದ ತಿರುವು ಹಾಗೇ ಇದೆ. ಇಲ್ಲದ ಮರವನ್ನು ಸುತ್ತಿಕೊಂಡು ಅಷ್ಟಗಲದ ರಸ್ತೆ. ಬಾವಿ ಅದರ ಹೊಟ್ಟೆಯೊಳಗೆ. ತೆಂಗಿನ ಎರಡು ಸಾಲೂ ಅಲ್ಲೇ.

"ಬಸ್ ಬತ್ತದೆ ಕಣಕ್ಕ!" ಅಂದಳು ದುರ್ಗಮ್ಮ. "ನನ್ ಮೊಮ್ಮಗ್ಳು ಮನೆ ಬಾಗ್ಲಲ್ಲೇ ಹತ್ತಿ ಟೇಸನ್ನಿಗೆ ಹೋಗ್ಬೋದು, ಕಾಲೇಜಿಗೆ."

ನಕ್ಕೆ. ಕಣ್ಣು ಮಾತ್ರ ಬಾವಿಯ ಗುರುತಿನ ಮೇಲೇ ಇತ್ತು.

ಸಿದ್ದಪ್ಪ, ನೆನಪಿದೆಯಾ. ದುರ್ಗಮ್ಮನಿಗೆ ಹೆರಿಗೆ ಬೇನೆ ಬಂದ ದಿನ, ಆಸ್ಪತ್ರೆಗೆ ಹೋಗುವ ರೈಲು ತಪ್ಪಬಾರದು ಅಂತ ನಿನ್ನ ಹೆಂಡತಿ ಸುಲೋಚನ ತಾನೇ ಬೇಲಿ ಕಿತ್ತಳು. ಮತ್ತೆ ಮುಚ್ಚಲೇ ಇಲ್ಲ. "ಬಿಡಿ ಅತ್ತಿಗೆ, ಕಾಲಿಗೆ ಎಷ್ಟ್ ಜಾಗ ಬೇಕು." ಅವಳು ಹೋದ ಮೇಲೂ ನೀನು ಮುಚ್ಚಲಿಲ್ಲ.

ಏಪ್ರಿಲ್ 11

ಫೋನ್ ಮಾಡಿದೆ. ನಯನ ಎತ್ತಿದಳು. ಎರಡನೆಯ ಕಣ್ಣಿಗೂ ಆಪರೇಷನ್ ಆಯಿತಂತೆ. ಡ್ರಾಪ್ಸ್ ಎಷ್ಟು ಸಲ ಅಂತ ಕೇಳಿದೆ. ನಾಲ್ಕು. ರಸ್ತೆಯ ವಿಷಯ ಎತ್ತದೆ ಫೋನ್ ಇಟ್ಟುಬಿಟ್ಟೆ.

ಏಪ್ರಿಲ್ 16

ಅಜ್ಜಂಪುರಕ್ಕೆ ಹೋಗಿ ಶ್ರೀಜಾಳನ್ನು ಹುಡುಕಿದೆ.

"ಆ ಗೆರೆ ಅಳ್ಸವ್ವ. ಎಳ್ದೋಳು ನಾನೇಯ."

"ಅದು ಜನ ಕೊಟ್ಟ ಸಲಹೆ ಅಜ್ಜಿ. ನಾನು ಅಳ್ಸೋ ಹಾಗಿಲ್ಲ. ಖಾತೆ ಯಾರ ಹೆಸರಲ್ಲಿದೆ?"

"ತಮ್ಮನ ಹೆಸರಲ್ಲಿ."

"ಅವರೇ ಸಹಿ ಹಾಕಿ ಆಕ್ಷೇಪಣೆ ಕೊಡ್ಲಿ. ಇದು ನಾವು ಒಪ್ಪಿ ಬಿಟ್ಟ ಕಾಲುದಾರಿ, ರಸ್ತೆ ಅಲ್ಲ ಅಂತ. ಮೇ ಎಂಟು ಕೊನೇ ದಿನ."

ತಿರುವಿನ ಮೇಲೆ ಬೆರಳಿಟ್ಟೆ. "ಇಲ್ಲಿ ಏನೈತೆ ಅಂತ ತಿರುಗ್ಸಿದ್ದೀರಿ?"

"ನೀವು ತಿರುಗ್ಸಿದ್ರಲ್ಲ, ಅಜ್ಜಿ..."

ಅವಳು ತಲೆ ತಗ್ಗಿಸಿದಳು. ತಪ್ಪು ಬೇರೆಯವರ ಮೇಲೆ ಹಾಕೋಣ ಅಂದರೆ ಯಾರೂ ಸಿಗಲಿಲ್ಲ.

ಮೇ 2

ಹದಿನಾರು ದಿನ ಇಲ್ಲಿ ಏನೂ ಬರೆಯಲಿಲ್ಲ. ನಿನಗೆ ಬರೆಯಲು ಕೂತು ಎರಡು ಇನ್‌ಲ್ಯಾಂಡ್ ಕಾಗದ ಹರಿದೆ. ಇನ್ನೂ ಕಣ್ಣು ನೆಟ್ಟಗಾಗದವನಿಗೆ ನಯನ ಓದಿ ಹೇಳಬೇಕು. ಆ ಮಾತು ಅವಳ ಬಾಯಲ್ಲಿ ಬರಬೇಕಲ್ಲ.

ಇವತ್ತು ದುರ್ಗಮ್ಮನಿಗೆ ಎಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನನ್ ಬೇನೆಗೆ ಕಿತ್ತಿದ್ ಬೇಲಿ ಅದು. ಬಸ್ ಬೇಕು ಕಣಕ್ಕ, ಸುಳ್ಳು ಹೇಳಲ್ಲ. ಸುಲೋಚನಕ್ಕನ ಬಾವಿ ಮ್ಯಾಲೆ ಬ್ಯಾಡ. ಊರ್ ಮುಂದಿನ್ ರಸ್ತೆಗೇ ಬಸ್ ಬಿಡಿ ಅಂತ ನಾವೆಲ್ಲ ಹೆಬ್ಬೆಟ್ಟು ಒತ್ತತೀವಿ."

ಸೊಪ್ಪು ಮತ್ತೆ ಕೈಗೆತ್ತಿಕೊಂಡಳು — "ಈಗ ನಿನ್ ತಮ್ಮ ಬೇಲಿ ಮುಚ್ತಾನಾ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಯಾರೇ ಆದರೂ ಅವನಿಗೆ ಅದನ್ನೇ ಹೇಳುತ್ತಾರೆ. ಮೊದಲು ಬೇಲಿ ಮುಚ್ಚು, ಆಮೇಲೆ ಅರ್ಜಿ ಕೊಡು.

ಮೇ 5, ಬೆಳಿಗ್ಗೆ ಐದೂವರೆ

ಸಿದ್ದಪ್ಪ, ಈ ಸಲ ಆರೋಗ್ಯ ಆಮೇಲೆ ಕೇಳುತ್ತೇನೆ. ನಿನ್ನ ತೋಟದ ಮೇಲೆ ರಸ್ತೆ ಬಂದಿದೆ, ಕಾಗದದಲ್ಲಿ. ಎಳೆದ ಕೈ ನನ್ನದು. ನಯನ, ಇಲ್ಲಿ ನಿಲ್ಲಿಸಬೇಡ, ಓದು ತಾಯಿ.

ನಮ್ಮ ದಾರಿಯೂ ಮ್ಯಾಪಿನಲ್ಲಿ ಇರಲಿ ಅಂತ ಆಸೆಪಟ್ಟೆ. ಅದು ನೀವು ಗಂಡ ಹೆಂಡತಿ ಕೊಟ್ಟ ದಾರಿ, ನಮ್ಮದಲ್ಲ ಅನ್ನುವುದು ಮರೆತೇಹೋಗಿತ್ತು. ಅಷ್ಟು ವರ್ಷ ನಡೆದಿದ್ದೇವೆ.

ಎಂಟನೇ ತಾರೀಖಿನೊಳಗೆ ನಿನ್ನ ಸಹಿ ಬೇಕು. ಅರ್ಜಿ ಬರೆದಿಟ್ಟಿದ್ದೇನೆ. ಬಯ್ಯಿ, ಎಷ್ಟು ಬೇಕಾದರೂ. ಬೇಲಿ ಮುಚ್ಚಬೇಡ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಅಂಚೆಗೆ ಹಾಕಿದರೆ ತಡ. ಬೆಳಗಿನ ರೈಲಿಗೆ ನಾನೇ ತರುತ್ತೇನೆ. ಸ್ಟೇಷನ್ನಿಗೆ ಬೇಗ ಸೇರಲು ಅದೇ ದಾರಿ, ಬೇರೆ ಇಲ್ಲ. ಇವತ್ತು ಮರವಿದ್ದ ಜಾಗದಲ್ಲಿ ನೇರ ನಡೆಯಬೇಕು ಅಂದುಕೊಂಡಿದ್ದೇನೆ... ಕಾಲು ಕೇಳಬೇಕಲ್ಲ.

ಉತ್ತರ ಬಾಯಲ್ಲಿ ಹೇಳಬೇಡ, ಕೇಳಿಸಿಕೊಳ್ಳಲಾರೆ. ನಯನಳ ಕೈಲಿ ಬರೆಸು. ಎರಡೇ ಸಾಲು ಸಾಕು, ಬೇಗ ಬರೆಸು. ನಾನು ನಿನ್ನ ಮಗಳ ಮನೆಯ ಜಗಲಿಯಲ್ಲೇ ಕೂತು ಕಾಯುತ್ತೇನೆ. ರೈಲಿನ ಹೊತ್ತಾಯಿತು—